ಅತ್ತೆ ಬಂದಳು, ಬಕೆಟ್ಟು ಕವುಚಿ!

ನಮ್ಮ ಅತ್ತೆ ಬರುತ್ತಿದ್ದಾಳೆ ಎಂದು ಗೊತ್ತಾದರೆ ನಮ್ಮ ಕೇರಿಯ ಜನ ಎದ್ದು ಬಾಗಿಲು ತೆರೆಯುವುದಿಲ್ಲ, ಹಿತ್ತಿಲಿಗೆ ಓಡಿ ಬಕೆಟ್ಟು ಕವುಚುತ್ತಾರೆ! ಉತ್ಪ್ರೇಕ್ಷೆ ಎನ್ನುತ್ತೀರಾ? ಒಂದು ಶನಿವಾರ ಬೆಳಿಗ್ಗೆ ಶಿರಸಿಗೆ ಬನ್ನಿ. ನಮ್ಮ ಕೇರಿ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಯಾವ ಕೇರಿಯ ಹಿತ್ತಿಲುಗಳಿಂದ ಠಣ್ ಠಣ್, ಧಡಲ್, ಗುಳುಗುಳು ಎಂಬ ಸದ್ದು ಸಾಲಾಗಿ ಕೇಳಿಬರುತ್ತದೋ ಅದೇ ನಮ್ಮ ಕೇರಿ. ಸದ್ದು ಯಾವ ಮನೆಯ ಹತ್ತಿರ ಬಂದು ನಿಂತಿದೆಯೋ ಆ ಮನೆಯಲ್ಲಿ ಅತ್ತೆ ಇದ್ದಾಳೆ ಎಂದು ತಿಳಿಯಿರಿ.

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಂಡು ನನ್ನ ಮೇಲೆ ಕನಿಕರ ಪಡಬೇಡಿ. ಇವಳು ನನ್ನ ಅಪ್ಪನ ಅಕ್ಕ. ತೊಂಬತ್ತರ ದಶಕದಲ್ಲಿ ಸಿದ್ದಾಪುರದ ಕಡೆಯಿಂದ ನನ್ನನ್ನು ಈ ಕೇರಿಗೆ ಸೊಸೆಯಾಗಿ ತಂದವಳೂ ಅವಳೇ. "ಮಾಣಿ ಒಳ್ಳೆಯವ. ಮನೆ ನಮ್ಮನೆ ಪಕ್ಕದ್ದೇಯ. ನಿಂಗೆ ಎಂತಕ್ಕೂ ತೊಂದರೆ ಇಲ್ಲೆ ಕೂಸೆ" ಎಂದಿದ್ದಳು. ಮಾಣಿ ಒಳ್ಳೆಯವನೇ, ಅದರಲ್ಲಿ ಮೋಸವಿಲ್ಲ. ಆದರೆ ಮನೆ ಪಕ್ಕದ್ದೇ ಎಂಬ ಮಾತಿನಲ್ಲಿ ಎಷ್ಟೆಲ್ಲ ಅಡಗಿತ್ತೆಂದು ಆ ಮಾಣಿಗೂ ನನಗೂ ಗೊತ್ತಾದದ್ದು ಆಮೇಲೆ. ಒಂದು ದಿನ ನಮ್ಮನೆಯವರು ಮೈಗೆಲ್ಲ ಸೋಪು ಬಳಿದುಕೊಂಡು ಬಚ್ಚಲಿನಲ್ಲಿ ನಿಂತಿದ್ದಾರೆ, ಹೊರಗಿನಿಂದ ಬಾಗಿಲು ಬಡಿದ ಸದ್ದು.

"ಯಾರು?"

"ಆನು. ಬಾಗ್ಲು ತೆಗಿ, ಬಕೀಟು ನೋಡವು."

"ಅತ್ತೆ, ಆನು ಮೀತಾ ಇದ್ದೆ!"

"ನೀನು ಮೀತಾ ಇರು ಮಾರಾಯ. ನಿನ್ನ ನೋಡಿ ಎಂಗೆ ಎಂತ ಆಗವು? ಬಕೀಟು ಹೊರಗೆ ಕೊಡು!"

ಅವರು ಬಾಗಿಲ ಸಂದಿಯಿಂದ ಬಕೆಟ್ಟು ಕೊಟ್ಟರು. ಕೊಡದೆ ಏನು ಮಾಡಿಯಾರು? ಅತ್ತೆ ಅದರಲ್ಲಿದ್ದ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ಬಕೆಟ್ಟನ್ನು ಕವುಚಿಟ್ಟು, ಆಚೆ ಮನೆಗೆ ಹೊರಟೇ ಹೋದಳು. ನಾನು ಬೇರೆ ನೀರು ಹೊಂದಿಸಿ ಕೊಡುವ ಹೊತ್ತಿಗೆ ಸೋಪು ಅವರ ಮೈಮೇಲೆ ಒಣಗಿ ಬಿರುಕು ಬಿಟ್ಟಿತ್ತು. "ಸಂಬಂಧ ಮಾಡಿಸುವಾಗ ಇದನ್ನ ಯಾರೂ ಹೇಳಿದ್ದಿಲ್ಲೆ" ಎಂದು ಅವರು ಇವತ್ತಿಗೂ ಗೊಣಗುತ್ತಾರೆ.

ಅತ್ತೆ ಹೊರಟಳೆಂದರೆ ಕೈಯಲ್ಲಿ ಆಯುಧಗಳು ಇರಲೇಬೇಕು. ಹಾಡಹಗಲಲ್ಲೂ ಉರಿಯುವ ಒಂದು ಟಾರ್ಚು, ಮದುವೆಮನೆಯಲ್ಲಿ ಹುಳಿ ಬಡಿಸುವಂಥ ಉದ್ದ ಹಿಡಿಕೆಯ ಸೌಟು, ಮತ್ತೆ ಅಂಚು ಒಡೆದ ಒಂದು ಬಿಳಿ ಪಿಂಗಾಣಿ ಬಟ್ಟಲು. ಟಾರ್ಚು ಡ್ರಮ್ಮಿನ ತಳ ನೋಡಲು, ಸೌಟು ನೀರೆತ್ತಲು, ಬಟ್ಟಲು ಸಾಕ್ಷಿಗೆ! ಬಿಳಿ ಬಟ್ಟಲಿನಲ್ಲಿ ಸೊಳ್ಳೆಯ ಮರಿಗಳು ಲಾಗ ಹಾಕುವುದು ಚೆನ್ನಾಗಿ ಕಾಣುತ್ತದೆ. ನೂಲಿನ ತುಂಡಿನಂಥ ಹುಳ, ಸೊಂಟ ಮುರಿದುಕೊಂಡು ಮೇಲೆ ಕೆಳಗೆ ಕುಣಿಯುತ್ತದೆ. "ನಮ್ಮನೆಲಿ ಸೊಳ್ಳೆ ಇಲ್ಲೆ" ಎಂದು ಯಾರಾದರೂ ಅಂದರೋ, ಮುಗಿಯಿತು, ಅತ್ತೆ ಬಟ್ಟಲನ್ನು ಅವರ ಮೂಗಿನ ಕೆಳಗೇ ಹಿಡಿಯುತ್ತಿದ್ದಳು.

ನಮ್ಮ ಕಡೆ ಯಾರ ಮನೆಗೇ ಹೋಗಿ, ಜಗಲಿ ಹತ್ತಿದ ಕೂಡಲೇ "ಆಸರಿಗೆ ಎಂತ ಬೇಕು?" ಎಂದು ಕೇಳುತ್ತಾರೆ. ನೀರು ಬೆಲ್ಲವೋ, ಮಜ್ಜಿಗೆಯೋ, ಮುರುಗಲು ಪಾನಕವೋ, ಬಾಯಾರಿಕೆಗೆ ಏನಾದರೊಂದು ಕೊಡದೆ ಮಾತೇ ಶುರುವಾಗುವುದಿಲ್ಲ. ಅತ್ತೆಯದು ಉಲ್ಟಾ. ಮನೆಯವರು ಆಸರಿಗೆ ಕೇಳುವುದರೊಳಗೆ ಇವಳೇ "ಡ್ರಮ್ಮು ಎಲ್ಲಿದ್ದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹಿತ್ತಿಲಲ್ಲಿ ಇರುತ್ತಿದ್ದಳು.

ಈ ಉಲ್ಟಾ ಪದ್ಧತಿಯಿಂದ ಆದ ಒಂದು ಅನಾಹುತ ಹೇಳಲೇಬೇಕು. ಕೇರಿಯ ಕೊನೆಯ ಮನೆಯಲ್ಲಿ ಹುಡುಗಿ ನೋಡುವ ಶಾಸ್ತ್ರ. ಹೆಗಡೆಕಟ್ಟಾ ಕಡೆಯಿಂದ ಗಂಡಿನವರು ಬಂದು ಜಗಲಿಯಲ್ಲಿ ಸಾಲಾಗಿ ಕೂತಿದ್ದಾರೆ. ಬಿಸಿಲಲ್ಲಿ ಬಂದವರು, ಗಂಟಲು ಒಣಗಿದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನಮ್ಮ ಅತ್ತೆ, ಕೈಯಲ್ಲಿ ಬಟ್ಟಲು ಹಿಡಿದುಕೊಂಡು ಗಂಭೀರವಾಗಿ ಬಂದಳು. ಮನೆಯ ಹಿರಿಯಳು ಆಸರಿಗೆ ತಂದಳೆಂದು ತಿಳಿದ ಗಂಡಿನ ಅಪ್ಪ ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡೇಬಿಟ್ಟರು. ತುಟಿಯ ಹತ್ತಿರ ಹೋಗಿಬಿಟ್ಟಿತ್ತು!

"ಕುಡಿಯಡಿ! ಕುಡಿಯಡಿ! ಅದರಲ್ಲಿ ಹುಳ ಇದ್ದು!"

"ಹುಳವಾ?"

"ಹುಳವೇಯ. ಇವರ ಮನೆ ಹೂವಿನ ಕುಂಡದ ತಟ್ಟೆದು. ನಿಮಗೆ ತೋರ್ಸಲೆ ಹೇಳಿ ತಂದೆ."

ಹುಡುಗಿಯ ತಾಯಿ ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಸಂಬಂಧ ಹೋಯಿತೆಂದೇ ಕೇರಿಯೆಲ್ಲ ಅಂದುಕೊಂಡೆವು. ಎರಡು ದಿನ ಬಿಟ್ಟು ಹೆಗಡೆಕಟ್ಟಾದಿಂದ ಸುದ್ದಿ ಬಂತು: "ಕೂಸು ಎಂಗಕ್ಕೆ ಒಪ್ಪಿಗೆ. ದಿಬ್ಬಣದ ಒಟ್ಟಿಗೆ ಆ ಬಟ್ಟಲಿನ ಅಮ್ಮನನ್ನ ಮಾತ್ರ ಕರಕಂಡು ಬಪ್ಪದು ಬ್ಯಾಡ."

ಅತ್ತೆ ಹುಟ್ಟಿನಿಂದಲೇ ಹೀಗಿದ್ದಳೇ? ಖಂಡಿತ ಇಲ್ಲ. ನಾನು ಮದುವೆಯಾಗಿ ಬಂದಾಗ ಅವಳ ಖ್ಯಾತಿ ಬೇರೆಯೇ ಇತ್ತು. ಅದು ಚಕ್ಕುಲಿಯ ಖ್ಯಾತಿ. ಚಕ್ಕುಲಿ ಎಂದರೆ ಒರಳಿಗೆ ಹಿಟ್ಟು ತುಂಬಿ ಒತ್ತುವ ಚಕ್ಕುಲಿಯಲ್ಲ. ಅದನ್ನು ಅತ್ತೆ ಚಕ್ಕುಲಿ ಎಂದು ಕರೆಯುವುದೇ ಇಲ್ಲ, "ಪೈಪು" ಎನ್ನುತ್ತಾಳೆ. ನಮ್ಮದು ಕೈ ಚಕ್ಕುಲಿ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಟ್ಟನ್ನು ತಿರುಚುತ್ತ ತಿರುಚುತ್ತ, ಮುಳ್ಳು ಎಬ್ಬಿಸುತ್ತ, ಸುತ್ತಿನ ಹೊರಗೆ ಸುತ್ತು ಹಾಕುತ್ತ ಹೋಗಬೇಕು. ಗಣೇಶ ಚೌತಿಗೆ ಮೊದಲು ಕೇರಿಯವರೆಲ್ಲ ಒಂದು ಮನೆಯಲ್ಲಿ ಸೇರಿ, ಹೆಂಗಸರು ಗಂಡಸರು ಎನ್ನದೆ ಕೂತು, ಎಲ್ಲರ ಮನೆಯ ಚಕ್ಕುಲಿಯನ್ನೂ ಒಟ್ಟಿಗೇ ಸುತ್ತಿ ಮುಗಿಸುತ್ತೇವೆ. ಅದಕ್ಕೆ ಚಕ್ಕುಲಿ ಕಂಬಳ ಎನ್ನುತ್ತೇವೆ. ಮೊದಲ ಚಕ್ಕುಲಿ ಅತ್ತೆಯದು, ಗಣಪತಿಗೆಂದು ತೆಗೆದಿಡುವುದು. ಅವಳು ಅದನ್ನು ಸುತ್ತಿ ಮುಗಿಸುವ ತನಕ ಉಳಿದವರು ಹಿಟ್ಟು ಮುಟ್ಟುವ ಹಾಗಿಲ್ಲ. ಅವಳ ಬೆರಳು ಓಡುವುದನ್ನು ನೋಡಲಿಕ್ಕೇ ಮಂಚಿಕೇರಿಯ ನೆಂಟರು ಬಸ್ಸು ಹಿಡಿದು ಬರುತ್ತಿದ್ದರು, ತಿಂದು ಹೋಗಲಿಕ್ಕೆ ಬರುತ್ತಿದ್ದರು ಎಂಬುದು ನಮ್ಮನೆಯವರ ಪಾಠಾಂತರ.

ಆಗ ಕೇರಿಯ ಒಂದು ಮನೆಯಲ್ಲೂ ಫ್ಯಾನು ಇರಲಿಲ್ಲ. "ಫ್ಯಾನು ಹುಬ್ಬಳ್ಳಿಯವಕ್ಕೆ, ನಮಗೆಂತಕ್ಕೆ?" ಎನ್ನುತ್ತಿದ್ದರು. ಮಳೆ ಹಿಡಿದರೆ ಹಿಡಿಯಿತು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಒಂದು ಮಳೆ ಹೋಗಿ ಇನ್ನೊಂದು ಮಳೆ ಬಂದು ಕೂರುತ್ತಿತ್ತು. ಆಮೇಲಾಮೇಲೆ ಏನಾಯಿತೋ! ಎರಡು ದಿನ ಆಕಾಶ ಹರಿದು ಬಿದ್ದ ಹಾಗೆ ಸುರಿಯುವುದು, ಮೂರನೆಯ ದಿನದಿಂದ ಹಪ್ಪಳ ಒಣಗಿಸುವಂಥ ಬಿಸಿಲು. ಬೇಸಿಗೆ ಬಂದರೆ ಬಾವಿಯ ತಳದ ಕಲ್ಲು ಕಾಣುವುದು, ನಲ್ಲಿ ಒಂದು ದಿನ ಬಂದರೆ ಎರಡು ದಿನ ಮುಖ ತಿರುಗಿಸುವುದು. "ಮಳೆಗೆ ಅರಳುಮರಳು ಹಿಡಿದಿದ್ದು ಕೂಸೆ. ಎಲ್ಲಿಗೆ ಹೋಪಲೆ ಹೊರಟಿದ್ದು ಹೇಳಿ ಅದಕ್ಕೇ ನೆನಪಿಲ್ಲೆ" ಎಂದು ಅತ್ತೆ ಹಣೆ ಬಡಿದುಕೊಂಡಳು. ಮನೆಮನೆಗೆ ಫ್ಯಾನು ಬಂತು. ಫ್ಯಾನಿನ ಹಿಂದೆ ಡ್ರಮ್ಮು ಬಂತು. ನೀರು ಬಂದ ದಿನ ಡ್ರಮ್ಮು, ಹಂಡೆ, ಬೋಗುಣಿ, ಕಡಾಯಿ, ಕೊನೆಗೆ ಮದುವೆಯ ಅಕ್ಷತೆ ತಟ್ಟೆಯನ್ನೂ ಬಿಡದೆ ತುಂಬಿಡುವ ಚಟ ಎಲ್ಲರಿಗೂ ಹತ್ತಿತು. ಸೊಳ್ಳೆಗಳಿಗೆ ಇನ್ನೇನು ಬೇಕು?

ಆಮೇಲೆ ಬಂತು ನೋಡಿ ಚಿಕುನ್‌ಗುನ್ಯಾ ವರ್ಷ! ಬಯಲುಸೀಮೆಯಲ್ಲಿ ಗಂಟುಗಂಟು ನೋಯುವ ಜ್ವರ ಎಂದು ಸುದ್ದಿ. ಹಾವೇರಿಗೆ ಬಂತಂತೆ, ಮುಂಡಗೋಡಿಗೆ ಬಂತಂತೆ ಎಂದು ದಿನಕ್ಕೊಂದು ಮಾತು. ಸರ್ಕಾರಿ ಆಸ್ಪತ್ರೆಯಿಂದ ಒಬ್ಬ ಆರೋಗ್ಯ ಸಹಾಯಕರು ನಮ್ಮ ಕೇರಿಗೂ ಬಂದು ಕಟ್ಟೆಯ ಹತ್ತಿರ ಭಾಷಣ ಮಾಡಿದರು. ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ. "ನಿಂತ ನೀರು ವಾರಕ್ಕೊಮ್ಮಿ ಚೆಲ್ರಿ, ತೊಟ್ಟಿ ತಿಕ್ಕಿ ತೊಳೀರಿ, ಡ್ರಮ್ಮಿಗೆ ಬಟ್ಟಿ ಕಟ್ರಿ" ಎಂದು ಗಂಟಲು ಹರಿಯುವಂತೆ ಹೇಳಿದರು. ನಾವೆಲ್ಲ ತಲೆಯಾಡಿಸಿ, ಅವರಿಗೆ ಮುರುಗಲು ಪಾನಕ ಕೊಟ್ಟು, ಮನೆಗೆ ಹೋಗಿ ಮರೆಯುವವರಿದ್ದೆವು. ಅತ್ತೆ ಮಾತ್ರ ಒಂದು ಪ್ರಶ್ನೆ ಕೇಳಿದಳು.

"ತಮಾ, ಈ ಜ್ವರ ಬಂದ್ರೆ ಬೆರಳು ಎಂತಾಗ್ತು?"

"ಬಾಯ್ತಾವ್ರೀ ಅಮ್ಮಾರ. ಮಡಚಾಕ ಬರೂದಿಲ್ರಿ. ಕೆಲವ್ರಿಗೆ ತಿಂಗಳಾನಗಟ್ಲೆ ಬ್ಯಾನಿ ಇರ್ತೈತ್ರಿ."

ಅತ್ತೆಯ ಮುಖ ನೀವು ನೋಡಬೇಕಿತ್ತು! ಸಾವು, ನೋವು, ಆಸ್ಪತ್ರೆ ಎಂದು ಅವರು ಅಷ್ಟು ಹೊತ್ತು ಹೇಳಿದ್ದು ಯಾವುದೂ ತಟ್ಟದ ಕಡೆ ಆ ಮಾತು ತಟ್ಟಿತು. ಅವಳು ಕಟ್ಟೆ ಹತ್ತಿ ನಿಂತಳು. ಹತ್ತಿದ್ದು ಯಾಕೆಂದರೆ ಅವಳು ಕುಳ್ಳಿ.

"ಕೇಳ್ದ್ರಲಿ? ಬೆರಳು ಮಡಚಲೆ ಬತ್ತಿಲ್ಲೆ ಅಡ. ಚೌತಿ ಹತ್ರ ಬಂತು. ಬೆರಳು ಮಡಚಲೆ ಬರದಿದ್ರೆ ಚಕ್ಕುಲಿ ಯಾರು ಸುತ್ತವು? ಗಣಪತಿಗೆ ಎಂತ ಪೈಪು ಇಡ್ತ್ರ? ಈ ಕೇರಿಲಿ ಒಬ್ಬರಿಗೂ ಆ ಜ್ವರ ಬಪ್ಲಾಗ, ಆನು ಹೇಳಿದ್ದೆ!"

ಜನ ಬೆಚ್ಚಿಬಿದ್ದರು. ಜ್ವರಕ್ಕೆ ಹೆದರದವರು ಚಕ್ಕುಲಿಯಿಲ್ಲದ ಚೌತಿಗೆ ಹೆದರಿದರು! ಆರೋಗ್ಯ ಸಹಾಯಕರು ಪಾನಕದ ಲೋಟ ಹಿಡಿದುಕೊಂಡು, "ಅಮ್ಮಾರ, ನಾನು ಆರು ಊರಾಗ ಭಾಷಣ ಮಾಡೀನ್ರಿ, ಹಿಂಗ ಯಾರೂ ಹೆದ್ರಿದ್ದಿಲ್ಲ" ಎಂದರು.

ಅಂದಿನಿಂದ ಶನಿವಾರ ನಮ್ಮ ಕೇರಿಗೆ ಕವುಚುವ ವಾರವಾಯಿತು. ಮನುಷ್ಯರಿಗೆ ಎಣ್ಣೆನೀರು, ಡ್ರಮ್ಮಿಗೆ ತೆಂಗಿನ ನಾರಿನ ತಿಕ್ಕು. ಅತ್ತೆ ಎಲ್ಲೆಲ್ಲಿ ಹುಳ ಹಿಡಿದಳೆಂದು ಕೇಳಿದರೆ ನಿಮಗೆ ನಗು ಬರಬಹುದು. ಇರುವೆ ಬರದಿರಲೆಂದು ಹಾಲಿನ ಕಪಾಟಿನ ಕಾಲ ಕೆಳಗೆ ನೀರು ತುಂಬಿಟ್ಟ ಚಿಪ್ಪುಗಳಲ್ಲಿ ಹಿಡಿದಳು. ದನಕ್ಕೆಂದು ಹಿತ್ತಿಲಲ್ಲಿ ಪೇರಿಸಿಟ್ಟ ಅಡಿಕೆ ಹಾಳೆಯ ಮಡಿಕೆಯಲ್ಲಿ ಹಿಡಿದಳು. ಬಿಸಾಡಲು ಮನಸ್ಸು ಬಾರದೆ ಅಂಗಳದಲ್ಲಿ ಉಳಿಸಿಕೊಂಡ ಅಜ್ಜಿ ಕಾಲದ ಒಡಕು ಒರಳಿನಲ್ಲಿ ಹಿಡಿದಳು. ನಾನು ಗಾಜಿನ ಬಾಟಲಿಯಲ್ಲಿ ಚಂದಕ್ಕೆಂದು ಬೆಳೆಸಿದ್ದ ಮನಿಪ್ಲಾಂಟಿನಲ್ಲೂ ಹಿಡಿದು, "ಬಳ್ಳಿ ಬೆಳೆಸಿದ್ಯ ಕೂಸೆ, ಸೊಳ್ಳೆ ಬೆಳೆಸಿದ್ಯ?" ಎಂದು ಇಡೀ ಕೇರಿಗೆ ಕೇಳುವಂತೆ ಕೇಳಿದಳು. ತಪಾಸಣೆ ಮುಗಿದ ಮೇಲೆ ಮನೆಯ ಪ್ರತಿಯೊಬ್ಬರೂ ಜಗಲಿಗೆ ಬಂದು ನಿಲ್ಲಬೇಕು. "ಬೆರಳು ತೋರ್ಸಿ!" ಎಂದು ಅಪ್ಪಣೆ. ನಾವು ಹತ್ತೂ ಬೆರಳು ಚಾಚಿ, ಮಡಚಿ, ಬಿಡಿಸಿ ತೋರಿಸಿದರೆ ಆಯಿತು. ನಮ್ಮನೆಯವರು ಅದನ್ನು ಬೆರಳು ಪರೇಡು ಎಂದು ಕರೆದರು.

ಇಷ್ಟರಲ್ಲಿ ಎದುರುಮನೆ ಅತ್ತಿಗೆಯ ಕಥೆ ಹೇಳದಿದ್ದರೆ ಆಗದು. ಕೇರಿಗೆಲ್ಲ ಅವಳು ಅತ್ತಿಗೆಯೇ. ಅಷ್ಟು ಮೆತ್ತನೆಯ ಮನಸ್ಸಿನವಳನ್ನು ನಾನು ನೋಡಿಲ್ಲ. ಜಿರಲೆಯನ್ನೂ ಕಾಗದದ ಮೇಲೆ ಕೂರಿಸಿಕೊಂಡು ಬೇಲಿಯ ತನಕ ಬಿಟ್ಟು ಬರುವವಳು. ಅವಳ ಹಿತ್ತಿಲಲ್ಲಿ ಒಂದು ದೊಡ್ಡ ಸಿಮೆಂಟ್ ತೊಟ್ಟಿ. ಅಡುಗೆಗೂ ಅದೇ ನೀರು, ದೇವರ ಪೂಜೆಗೂ ಅದೇ ನೀರು. ಅದನ್ನು ಪ್ರತಿ ವಾರ ಖಾಲಿ ಮಾಡಿದರೆ ಮತ್ತೆ ತುಂಬಿಸಲು ನೀರಿಲ್ಲ. ಆರೋಗ್ಯ ಸಹಾಯಕರು, "ಮೀನು ಬಿಡ್ರಿ, ಹುಳಾ ತಿಂದು ಹಾಕ್ತಾವು" ಎಂದು ಉಪಾಯ ಹೇಳಿದರು. ಮರುದಿನವೇ ಅತ್ತೆ ಹಾಲಿನ ಕ್ಯಾನಿನಲ್ಲಿ ಗಪ್ಪಿ ಮೀನು ತಂದಳು!

ಕೇರಿಯಲ್ಲಿ ಗುಲ್ಲೋ ಗುಲ್ಲು. ಬೆಳ್ಳುಳ್ಳಿಯೂ ಒಳಗೆ ಬಾರದ ಮನೆಗೆ ಮೀನು! ಅತ್ತಿಗೆ ತೊಟ್ಟಿಗೆ ಅಡ್ಡ ನಿಂತುಬಿಟ್ಟಳು.

"ಅಕ್ಕಾ, ಮೀನಿದ್ದ ನೀರಲ್ಲಿ ದೇವರಿಗೆ ಅಭಿಷೇಕ ಹೆಂಗೆ ಮಾಡದು?"

"ಮೀನು ಬ್ಯಾಡ ಅಂದ್ರೆ ಹುಳ ಇದ್ದ ನೀರಲ್ಲಿ ಮಾಡ್ತ್ಯಲೇ ಈಗ. ಅದು ಅಡ್ಡಿಲ್ಯ ದೇವರಿಗೆ?"

ವಿಷಯ ಪುರೋಹಿತ ಭಟ್ಟರ ತನಕ ಹೋಯಿತು. ಭಟ್ಟರು ಎಲೆಯಡಿಕೆಯ ಕವಳ ಮೆಲ್ಲುತ್ತ ಬಹಳ ಹೊತ್ತು ಯೋಚಿಸಿ, "ಗಂಗೆಲಿ ಮೀನಿಲ್ಯ? ಆ ಗಂಗೆ ತಂದು ದೇವರ ತಲೆ ಮೇಲೆ ಹೊಯ್ತ್ಯ. ನಿಂಗಳ ತೊಟ್ಟಿ ಗಂಗೆಗಿಂತ ಹೆಚ್ಚಿಂದಾ?" ಎಂದರು. ಅಷ್ಟು ಹೇಳಿ, ತಮ್ಮ ಮನೆಯ ತೊಟ್ಟಿಗೂ ನಾಲ್ಕು ಮೀನು ಸಿಗಬಹುದೋ ಎಂದು ಅತ್ತೆಯನ್ನು ಪಿಸುಮಾತಿನಲ್ಲಿ ಕೇಳಿದರು.

ಮೀನು ತೊಟ್ಟಿಗೆ ಬಿದ್ದವು. ಅತ್ತೆ ಗೆದ್ದೆನೆಂದು ಬೀಗಿದಳು. ಕೆಲವು ವಾರ ಎಲ್ಲ ಸುಸೂತ್ರ. ಆಮೇಲೊಂದು ಶನಿವಾರ ತೊಟ್ಟಿಗೆ ಸೌಟು ಹಾಕಿದಳು, ಬಟ್ಟಲಿಗೆ ಬಗ್ಗಿಸಿದಳು, ನೋಡಿದರೆ ಬಟ್ಟಲ ತುಂಬ ಹುಳ! ಮೀನುಗಳೋ, ಮದುವೆಯೂಟ ಮುಗಿಸಿ ಜಗಲಿಯಲ್ಲಿ ಉರುಳಿದ ನೆಂಟರ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಿವೆ.

"ತಂಗೀ, ಈ ಮೀನು ಎಂತಕ್ಕೆ ಹುಳ ತಿಂತಿಲ್ಲೆ?"

"ಹಸಿವಿಲ್ಲೆ ಕಾಣ್ತು ಅಕ್ಕಾ."

"ಎಂತಕ್ಕೆ ಹಸಿವಿಲ್ಲೆ?"

ಅತ್ತಿಗೆ ಸೆರಗಿನ ತುದಿ ಸುತ್ತುತ್ತ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು. "ದಿನಾ ಎರಡು ಹೊತ್ತು ಅನ್ನ ಹಾಕ್ತೆ. ಹುಳಕ್ಕೂ ಜೀವ ಇದ್ದಲೇ ಅಕ್ಕಾ. ನಮ್ಮನೆಲಿ ಇದ್ದ ಮೇಲೆ ಮೀನೂ ನಮ್ಮನೆ ಊಟವೇ ಮಾಡವು ಅಲ್ದನಾ? ಏಕಾದಶಿ ದಿನ ಮಾತ್ರ ಅವಲಕ್ಕಿ."

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೊಪ್ಪೆಂದು ಕೂತಳು. "ಮೀನಿಗೆ ಜನಿವಾರ ಒಂದು ಹಾಕದು ಬಾಕಿ ಇದ್ದಲೇ ತಂಗಿ!" ಎಂದಳು. ನಾನು ಬಾವಿಕಟ್ಟೆ ಹಿಡಿದುಕೊಂಡು ನಕ್ಕೆ. ಅತ್ತಿಗೆಯೂ ನಕ್ಕಳು. ಹಾಗೆ ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಯಾಕೆಂದರೆ ಅದರ ಮಾರನೆಯ ದಿನವೇ ಹಾವೇರಿ ಬಸ್ಸಿನಿಂದ ಅತ್ತಿಗೆಯ ತಂಗಿ ಇಳಿದಳು. ಇಳಿದಳು ಎನ್ನುವುದಕ್ಕಿಂತ ಇಬ್ಬರು ಹಿಡಿದು ಇಳಿಸಿದರು. ಸೊಂಟ ನೆಟ್ಟಗಾಗುತ್ತಿಲ್ಲ, ಮೈ ಕೆಂಡ. ಅದೇ ಜ್ವರ! ಅಲ್ಲಿ ಮನೆಮಂದಿಯೆಲ್ಲ ಮಲಗಿದ್ದಾರೆ, ನೋಡಿಕೊಳ್ಳುವವರಿಲ್ಲ ಎಂದು ಅಕ್ಕನ ಮನೆಗೆ ಬಂದಿದ್ದಳು. ಚೌತಿಗೆ ಮೂರು ವಾರವೂ ಉಳಿದಿರಲಿಲ್ಲ. ಕೇರಿಯ ಬಾಯಿಗಳು ಒಂದೊಂದಾಗಿ ತೆರೆದುಕೊಂಡವು. ಬಂದ ಬಸ್ಸಿಗೇ ವಾಪಸು ಕಳಿಸಿ ಎಂದರು ಕೆಲವರು. ಅತ್ತೆ ಮತ್ತೆ ಕಟ್ಟೆ ಹತ್ತಿದಳು.

"ಜ್ವರ ಬಂದವರನ್ನ ಓಡಿಸ್ತ್ರ? ನಾಚಿಕೆ ಆಗ್ತಿಲ್ಯ ನಿಂಗಕ್ಕೆ? ಆ ಕೂಸನ್ನ ಮುಟ್ಟಿದ್ರೆ ಬತ್ತಿಲ್ಲೆ ಜ್ವರ. ಅದನ್ನ ಕಚ್ಚಿದ ಸೊಳ್ಳೆ ನಮ್ಮನ್ನ ಕಚ್ಚಿದ್ರೆ ಬತ್ತು. ಓಡಿಸವು ಅಂದ್ರೆ ಸೊಳ್ಳೆ ಓಡಿಸಿ!"

ಆಮೇಲೆ ನಡೆದದ್ದು ಯುದ್ಧವೇ. ನಮ್ಮ ಮನೆಯ ಸೊಳ್ಳೆಪರದೆ ಎದುರುಮನೆಗೆ ಹೋಯಿತು. ಈ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದ್ದೆಂದು ರೋಗಿಯನ್ನು ಹಾಡಹಗಲಲ್ಲೇ ಪರದೆಯೊಳಗೆ ಮಲಗಿಸಿದರು. ಶನಿವಾರಕ್ಕೆ ಕಾಯದೆ ಕೇರಿಯ ಡ್ರಮ್ಮುಗಳೆಲ್ಲ ದಿನವೂ ಕವುಚಿದವು. ಬಕೆಟ್ಟು ಬಚ್ಚಿಡುತ್ತಿದ್ದವರೇ ಬಂದು, "ಅಕ್ಕಯ್ಯಾ, ನಮ್ಮನೆಗೆ ಒಂದು ಸಲ ಬಂದು ನೋಡಿ ಹೋಗಿ" ಎಂದು ಕರೆದರು. ಎಲ್ಲರ ಮನೆಯದೂ ಖಾಲಿ ಮಾಡಬಹುದು, ಅತ್ತಿಗೆಯ ತೊಟ್ಟಿಯೊಂದನ್ನು ಮಾತ್ರ ಮಾಡುವ ಹಾಗಿಲ್ಲ. ಮಳೆ ಮುನಿಸಿಕೊಂಡು ಹೋಗಿ ವಾರವಾಗಿತ್ತು, ನಲ್ಲಿ ಬಂದಿರಲಿಲ್ಲ, ಮನೆಯಲ್ಲಿ ಜ್ವರದವಳು ಇದ್ದಾಳೆ. ಇದ್ದ ನೀರೆಂದರೆ ಅದೇ. ಮೀನುಗಳಿಗೆ ಕಟ್ಟುನಿಟ್ಟಿನ ಉಪವಾಸ ವಿಧಿಸಿದ್ದಾಯಿತು, ಆದರೆ ಅವುಗಳಿಗೆ ಹಸಿವಾಗುವ ತನಕ ಹುಳ ಕಾಯುತ್ತದೆಯೇ? ಅತ್ತೆ ತೊಟ್ಟಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. ಬೆಳಿಗ್ಗೆಯಿಂದ ಸಂಜೆಯ ತನಕ ಸೌಟಿನಲ್ಲಿ ನೀರೆತ್ತುವುದು, ಬಟ್ಟೆಯಲ್ಲಿ ಸೋಸುವುದು, ಮತ್ತೆ ತೊಟ್ಟಿಗೇ ಬಿಡುವುದು. ಊಟವೂ ಅಲ್ಲೇ. ನಾನು ಊಟ ತೆಗೆದುಕೊಂಡು ಹೋದರೆ ಹತ್ತಿರ ಬರಲು ಬಿಡುತ್ತಿರಲಿಲ್ಲ. "ದೂರ ಇರು! ಇಲ್ಲಿ ಹಾರುವ ಸೊಳ್ಳೆನೂ ಇದ್ದು, ಕಚ್ಚಿದ್ರೆ ಕಷ್ಟ!" ಎಂದು ಸೌಟು ಬೀಸುತ್ತಿದ್ದಳು.

"ಹಂಗಾರೆ ನಿಂಗೆ ಕಚ್ತಿಲ್ಯ ಅತ್ತೆ?"

"ಎನ್ನ ಚರ್ಮ ದಪ್ಪ ಕೂಸೆ. ಸೊಳ್ಳೆ ಮೂಗೇ ಮುರೀತು."

ಅತ್ತಿಗೆಯ ತಂಗಿ ಚೇತರಿಸಿಕೊಂಡಳು. ಕೇರಿಯಲ್ಲಿ ಇನ್ನೊಬ್ಬರಿಗೂ ಮೈ ಬಿಸಿಯಾಗಲಿಲ್ಲ. ಆರೋಗ್ಯ ಸಹಾಯಕರು ಬಂದು ಮನೆಮನೆ ಕೇಳಿ, "ಅಮ್ಮಾರ, ನಮ್ಮ ಇಲಾಖಿಗೆ ನೀವ ಸಾಹೇಬ್ರಾಗಿ ಬರ್ರಿ" ಎಂದು ಕೈ ಮುಗಿದರು. ಅತ್ತೆ ಕಂಬ ಹಿಡಿದುಕೊಂಡು ನಿಂತಿದ್ದವಳು ಅಲ್ಲೇ ಕುಸಿದು ಕೂತಳು. ನಾನು ಹೋಗಿ ಹಣೆ ಮುಟ್ಟಿದೆ. ಸುಡುತ್ತಿತ್ತು.

ಜ್ವರ ಕೆಲವೇ ದಿನಕ್ಕೆ ಬಿಟ್ಟಿತು. ಬೆರಳು ಬಿಡಲಿಲ್ಲ.

ಚೌತಿಗೆ ಮೊದಲಿನ ಚಕ್ಕುಲಿ ಕಂಬಳ ಆ ವರ್ಷ ನಮ್ಮ ಮನೆಯಲ್ಲಿ. ಅತ್ತೆ ಬರುತ್ತಾಳೋ ಇಲ್ಲವೋ ಎಂದುಕೊಳ್ಳುತ್ತಿರುವಾಗಲೇ ಗೋಡೆ ಹಿಡಿದುಕೊಂಡು ಬಂದಳು. ಟಾರ್ಚಿಲ್ಲ, ಸೌಟಿಲ್ಲ, ಬಟ್ಟಲಿಲ್ಲ. ಎರಡೂ ಕೈ ಸೆರಗಿನೊಳಗೆ. ಬಂದು ತನ್ನ ಜಾಗದಲ್ಲಿ, ತನ್ನ ಮಣೆಯ ಮೇಲೆ ಕೂತಳು. ಯಾರೋ ರೂಢಿಯಂತೆ ಮೊದಲ ಹಿಟ್ಟಿನ ಉಂಡೆಯನ್ನು ಅವಳ ಮುಂದಿನ ಬಾಳೆಲೆಯ ಮೇಲೆ ಇಟ್ಟರು.

ಅತ್ತೆ ಬಲಗೈ ಹೊರಗೆ ತೆಗೆದಳು. ಬೆರಳ ಗಂಟುಗಳು ಬಾತು ಹೊಳೆಯುತ್ತಿದ್ದವು. ಹಿಟ್ಟನ್ನು ಹಿಡಿದು ತಿರುಚಲು ನೋಡಿದಳು. ಅದು ಜಾರಿ ಬಿತ್ತು. ಇನ್ನೊಂದು ಸಲ ಹಿಡಿದಳು. ಮತ್ತೆ ಬಿತ್ತು.

"ನಿಂಗ ಶುರು ಮಾಡಿ. ಆನು ನೋಡ್ತಾ ಕೂತ್ಗತ್ತೆ" ಎಂದಳು.

ಯಾರೂ ಹಿಟ್ಟು ಮುಟ್ಟಲಿಲ್ಲ. ಎದುರುಮನೆ ಅತ್ತಿಗೆ ತನ್ನ ಜಾಗದಿಂದ ಎದ್ದು ಬಂದು ಅತ್ತೆಯ ಹಿಂದೆ ಕೂತಳು. ಅವಳ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. "ಆನು ಅನ್ನ ಹಾಕಿದ್ದಕ್ಕೇ ಅಕ್ಕಾ. ಎನ್ನ ದೆಸೆಯಿಂದಲೇ ಹಿಂಗಾತು."

"ಸುಮ್ನಿರು ತಂಗಿ. ನೀನು ಮೀನಿಗೆ ಹಾಕಿದ್ದು, ಸೊಳ್ಳೆಗಲ್ಲ. ಹಸಿದ ಜೀವಕ್ಕೆ ಅನ್ನ ಹಾಕಿದ್ದಕ್ಕೆ ಯಾರಾದ್ರೂ ಅಳ್ತ್ವ?"

ಅತ್ತಿಗೆ ಹಿಂದಿನಿಂದ ಎರಡೂ ಕೈ ಚಾಚಿ ಅತ್ತೆಯ ಕೈಗಳನ್ನು ಹಿಡಿದುಕೊಂಡಳು. ಅತ್ತೆಯ ಬೆರಳ ಮೇಲೆ ತನ್ನ ಬೆರಳಿಟ್ಟು, ನಡುವೆ ಹಿಟ್ಟು ಇಟ್ಟು, ಮೆಲ್ಲಗೆ ತಿರುಚಿದಳು. ನೋವಿಗೆ ಅತ್ತೆಯ ಮುಖ ಕಿವುಚಿತು, ಆದರೂ ಕೈ ಎಳೆದುಕೊಳ್ಳಲಿಲ್ಲ. ನಾಲ್ಕು ಕೈ ಸೇರಿ ಒಂದು ಚಕ್ಕುಲಿ ಸುತ್ತಿದವು. ಚಕ್ಕುಲಿ ಎಂದರೆ ಚಕ್ಕುಲಿ! ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಮುಳ್ಳು ಅರ್ಧಕ್ಕೇ ಮುಗಿದಿದೆ, ಕೊನೆಯ ಸುತ್ತು ಎತ್ತಲೋ ಹೊರಟಿದೆ.

ಅತ್ತೆ ಅದನ್ನು ತಲೆ ಓರೆ ಮಾಡಿ ನೋಡಿದಳು. "ಅಡ್ಡಿಲ್ಲೆ. ಗಣಪತಿಗೆ ಇಡಿ. ಅವನ ಸೊಂಡಿಲು ಎಂತ ನೆಟ್ಟಗಿದ್ದಾ?"

ಎಲ್ಲರೂ ನಕ್ಕರು. ನಗುವಿನ ಮಧ್ಯೆ ನಮ್ಮನೆಯವರು ಎದ್ದು ಅತ್ತೆಯ ಮುಂದೆ ಬಂದು ನಿಂತರು. "ಇವತ್ತು ಬೆರಳು ನೋಡಿದ್ದೇ ಇಲ್ಯಲ ಅತ್ತೆ?" ಎಂದು ಹತ್ತೂ ಬೆರಳು ಚಾಚಿ, ಮಡಚಿ, ಬಿಡಿಸಿದರು. ಅವರ ಹಿಂದೆ ಇನ್ನೊಬ್ಬರು ಬಂದರು. ಅವರ ಹಿಂದೆ ಮತ್ತೊಬ್ಬರು. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಹಿಟ್ಟು ಮೆತ್ತದ ಕೈಗಳನ್ನು ಚಾಚಿಕೊಂಡು ಕೇರಿಗೆ ಕೇರಿಯೇ ಸಾಲಾಗಿ ನಿಂತಿತು. ಅತ್ತೆಗೆ ಹಿಡಿದು ನೋಡಲು ಬರುವುದಿಲ್ಲ. ತನ್ನ ಅಂಗೈಯ ಹಿಂಬದಿಯಿಂದ ಒಬ್ಬೊಬ್ಬರ ಬೆರಳನ್ನೂ ಸವರಿ, "ಹೂಂ" ಎಂದು ಮುಂದೆ ಕಳಿಸಿದಳು. ಕೊನೆಗೆ ನಾನು.

"ಎಲ್ಲರದ್ದೂ ಮಡಚ್ತು ಕೂಸೆ" ಎಂದಳು. "ಒಬ್ಬರದ್ದೂ ತಪ್ಪಿದ್ದಿಲ್ಲೆ."

ಆಮೇಲೆ ಕಣ್ಣು ಒರೆಸಿಕೊಳ್ಳಲೆಂದು ಸೆರಗಿಗೆ ಕೈ ಹಾಕಿದಳು. ಬೆರಳು ಸೆರಗನ್ನು ಹಿಡಿಯಲಿಲ್ಲ. ನಾನೇ ಒರೆಸಿದೆ.